ಅಪ್ಪನ ಕಿವಿ ಮುಂದಿನ ಹುಣ್ಣು

ಬ್ರಿಸ್ಬೇನ್

ಪ್ರೀತಿಯ ಅವ್ವ,

ನಾವು ಕ್ಷೇಮ. ಈ ಕಾಗದವನ್ನು ತಮ್ಮ ನಿಧಾನವಾಗಿ ಓದಿ ಹೇಳಲಿ, ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೋ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪ ತಲೆಯ ಟವೆಲ್ ತೆಗೆದಾಗ ಕಂಡದ್ದು ಕಣ್ಣಿಂದ ಹೋಗುತ್ತಲೇ ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆಲೆಮನೆ ಕೊಪ್ಪರಿಗೆಯ ಪಾಕ ಸಿಡಿದು ಕಿವಿ ಮುಂದೆ ಸುಟ್ಟಿತ್ತಲ್ಲ, ಹುಣ್ಣು ಎದ್ದಿರುವುದು ಆ ಕಲೆಯ ಮೇಲೇ. ಅಂಚು ಗಟ್ಟಿಯಾಗಿ ಉಬ್ಬಿದೆ, ನಡುವೆ ಹಕ್ಕಳೆ, ಕಿತ್ತರೆ ರಕ್ತ. ಐದು ತಿಂಗಳಿಂದ ತೋರಿಸುತ್ತಿರುವ ಡಾಕ್ಟರು ಬರೀ ಮುಲಾಮು ಬರೆದರಂತೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

'ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರೋದು' ಅಂದರು ಅಪ್ಪ. ಇಲ್ಲಿ ನಮ್ಮ ಆಸ್ಪತ್ರೆ ವಾರ್ಡಿನ ತುಂಬ ಬಿಸಿಲಿನಿಂದ ಈ ಕ್ಯಾನ್ಸರ್ ಬಂದ ಬಿಳಿಯರೇ ಇದ್ದಾರೆ, ನಿಜ. ನಮ್ಮ ಮೈಬಣ್ಣ ಬಿಸಿಲನ್ನು ತಡೆಯುತ್ತದೆ. ಆದರೆ ಹಳೇ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಗಾಯ, ಇವುಗಳಲ್ಲಿ ಸ್ಕ್ವೇಮಸ್ ಸೆಲ್ ಅನ್ನುವ, ಚರ್ಮದ ಮೇಲ್ಪದರದ ಕ್ಯಾನ್ಸರ್ ಹುಟ್ಟುವುದಕ್ಕೆ ಯಾವ ಬಣ್ಣವಾದರೂ ಒಂದೇ. ಕಲೆಯಲ್ಲಿ ಹುಟ್ಟಿದ್ದು ಬಿಸಿಲಿನದಕ್ಕಿಂತ ಬೇಗ ಹರಡುತ್ತದೆ.

ಅಪ್ಪನದು ಅದೇ ಅಂತ ನಾನು ಹೇಳುತ್ತಿಲ್ಲ, ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಆ ಪರೀಕ್ಷೆ, ಆಗದೆ ಯಾರೂ ಹೇಳಲಾರರು. ಒಂದು ವೇಳೆ ಹೌದಾದರೂ ಬೇಗ ಕತ್ತರಿಸಿ ತೆಗೆದರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ, ದಿನಾ ನೋಡುತ್ತಿದ್ದೇನೆ. ಕಾದಷ್ಟೂ ಕಷ್ಟ. ಅಗಲ 2 ಸೆಂಟಿಮೀಟರ್ ದಾಟಿದರೆ, ಅಂದರೆ ಹೆಚ್ಚೂಕಡಿಮೆ ಒಂದು ರೂಪಾಯಿ ನಾಣ್ಯದಷ್ಟಾದರೆ, ಅಪಾಯ ಏರುತ್ತದೆ. ಅಗಲಕ್ಕಿಂತಲೂ ಆಳ ಮುಖ್ಯ: 6 ಮಿಲಿಮೀಟರಿಗಿಂತ ಕೆಳಗಿಳಿದಿದ್ದರೆ ಡಾಕ್ಟರುಗಳು ಅದನ್ನು ಮುಂದಿನ ಹಂತಕ್ಕೆ ಸೇರಿಸುತ್ತಾರೆ. ಕಿವಿ, ತುಟಿ ಮೇಲಿನದಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗಂತೂ ಸಣ್ಣ ಗಂಟೂ ಸಲೀಸಲ್ಲ.

ನನ್ನನ್ನು ಹೆದರಿಸುವುದು ನರ. ಹೋದ ತಿಂಗಳು ಒಬ್ಬ ಅಜ್ಜ ಬಂದಿದ್ದರು. ಹುಬ್ಬಿನ ಮೇಲೆ ಕಡಲೆಬೀಜದಷ್ಟು ಗಂಟು. ನೋವೇನಿಲ್ಲ, ಹಣೆ ಮೇಲೆ ಇರುವೆ ಹರಿದಾಡಿದ ಹಾಗಾಗುತ್ತದೆ ಅಂತ ಬೆರಳಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಕ್ಯಾನ್ಸರ್ ನರ ಹಿಡಿದು ಒಳಕ್ಕೆ ಹೊರಟಿತ್ತು. ಅಪ್ಪನಿಗೆ ಕೆನ್ನೆ ಜೋಮು ಹಿಡಿಯುತ್ತದಾ, ಇರುವೆ ಹರಿದಂತಾಗುತ್ತದಾ, ನಗುವಾಗ ಬಾಯಿ ಒಂದು ಕಡೆ ಸೊಟ್ಟಗಾಗುತ್ತದಾ, ಬಿಡಿಸಿ ಕೇಳು.

ಇನ್ನೊಂದು ನಿನ್ನ ಕೈಯಲ್ಲೇ ಇದೆ. ಅಪ್ಪನ ತಲೆಗೆ ಎಣ್ಣೆ ಹಚ್ಚುವಾಗ ಕಿವಿಯ ಮುಂದೆ, ಕಿವಿಯ ಕೆಳಗೆ, ದವಡೆ ಅಂಚಿನಿಂದ ಕತ್ತಿನವರೆಗೆ ಮೆತ್ತಗೆ ಒತ್ತಿ ನೋಡು. ಹಣೆ, ಕಿವಿಯ ರೋಗ ಮೊದಲು ಇಳಿಯುವುದು ಅಲ್ಲಿನ ಗ್ರಂಥಿಗಳಿಗೆ. ಗಟ್ಟಿ ಗಂಟು ಸಿಕ್ಕರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಅಲ್ಲಿಗೆ ಹೋಗಿದ್ದರೆ ದೊಡ್ಡ ಆಪರೇಷನ್ನು, ಆಮೇಲೆ ರೇಡಿಯೇಷನ್ನು ಬೇಕಾಗಬಹುದು.

ಸುಣ್ಣ ಬೆಲ್ಲ ಹಚ್ಚಬೇಡಿ, ಯಾರ ಹತ್ತಿರವೂ ಸುಡಿಸಬೇಡಿ. ಅರ್ಧಂಬರ್ಧ ತೆಗೆದು ಮತ್ತೆ ಬಂದದ್ದು ಮೊದಲಿಗಿಂತ ಹಟಮಾರಿ. ಕಬ್ಬು ಕಡಿದಾದ ಮೇಲೆ ನೋಡೋಣ ಅನ್ನುವ ಮಾತೂ ಬೇಡ ಅವ್ವ, ಈ ವಾರವೇ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಯಾಪ್ಸಿ ರಿಪೋರ್ಟಿನ ಪೂರ್ತಿ ಕಾಗದ ಇಸಿದುಕೊಂಡು ತಮ್ಮ ನನಗೆ ಫೋಟೋ ಕಳಿಸಲಿ. ನಿಮಗಿಂತ ನಾವು ನಾಲ್ಕೂವರೆ ಗಂಟೆ ಮುಂದಿದ್ದೇವೆ, ಇಲ್ಲಿ ನಡುರಾತ್ರಿಯಾಗಿದ್ದರೂ ಫೋನ್ ಮಾಡಿ ಎಬ್ಬಿಸಿ.

ನಿನ್ನ ಮಗಳು,
ಸವಿತ