ಎಎ ಸಭೆಯ ಜಾಗ, ಹೊತ್ತು ಪತ್ರಿಕೆಯಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಪುಸ್ತಕ ಬಿಡುಗಡೆ, ರಂಗಪ್ರವೇಶ, ಹರಿಕಥೆ, ಉಚಿತ ಕಣ್ಣು ತಪಾಸಣೆ ಎಲ್ಲಿ, ಎಷ್ಟು ಗಂಟೆಗೆ ಎಂಬುದು ನಿಮ್ಮ ಪತ್ರಿಕೆಯ ಇಂದಿನ ಕಾರ್ಯಕ್ರಮಗಳ ಅಂಕಣದಲ್ಲಿ ದಿನವೂ ಸಿಗುತ್ತದೆ. ಅಲ್ಲಿ ವಾರಕ್ಕೊಮ್ಮೆ ಇನ್ನೊಂದೆರಡು ಸಾಲು ಸೇರಿಸಿ ಎಂದು ಕೇಳಲು ಈ ಪತ್ರ. ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಕೂಡುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆ ನಮ್ಮ ಜಿಲ್ಲೆಯಲ್ಲಿ ಎಲ್ಲಿ ನಡೆಯುತ್ತದೆ, ಯಾವ ವಾರ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಎಂಬಷ್ಟು ಸಾಕು.

ನನ್ನ ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು, ಮತ್ತೆ ಬರಬೇಕಾದ ತಾರೀಕಿತ್ತು. ‘ಎಎಗೆ ಹೋಗಲಿ’ ಎಂದು ಬಾಯಿಮಾತಿನಲ್ಲಿ ಹೇಳಿದರು. ಎಲ್ಲಿಗೆ ಅಂದರೆ, ‘ವಿಚಾರಿಸಿಕೊಳ್ಳಿ’ ಅಂದರು. ಯಾರನ್ನು ವಿಚಾರಿಸುವುದು? ಹಾಗೆ ಕೇಳಿದ ಸುದ್ದಿ ನಮ್ಮಂಥ ಸಣ್ಣ ಊರಿನಲ್ಲಿ ಸಂಜೆಯೊಳಗೆ ಬೀಗರ ಮನೆ ಮುಟ್ಟುತ್ತದೆ. (ವೈನ್‌ಶಾಪ್ ಎಲ್ಲಿದೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಬೇಕಿಲ್ಲ.) ಕೊನೆಗೆ ಗೊತ್ತಾದ ಸಭೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ನಡೆಯುವಂಥದ್ದು. ‘ಅಲ್ಲಿಗೆ ಹೋದರೆ ಜಾತಿ ಕೆಡಿಸ್ತಾರೆ’ ಎಂದು ನಮ್ಮಮ್ಮ ಪಟ್ಟು ಹಿಡಿದರು. ಚರ್ಚು ಕೊಡುವುದು ಕೋಣೆ ಮಾತ್ರ. ಎಎಗೆ ಯಾವ ಮತದ, ಯಾವ ಪಕ್ಷದ ನಂಟೂ ಇಲ್ಲ. ಪತ್ರಿಕೆಯ ಒಂದು ಸಾಲಿನಲ್ಲಿ ಇದಿದ್ದಿದ್ದರೆ ಅಮ್ಮನಿಗೆ ನಾನು ಅಷ್ಟೊಂದು ಸಮಜಾಯಿಷಿ ಕೊಡಬೇಕಿರಲಿಲ್ಲ.

ಇದು ಹೆಸರು ಹೇಳದವರ ಸಂಘ, ಪತ್ರಿಕೆಯಲ್ಲಿ ಹಾಕಬಹುದೇ ಎಂಬ ಅನುಮಾನ ನಿಮಗೂ ಬಂದೀತು. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ 1935ರಲ್ಲಿ ಇಬ್ಬರು ಕುಡುಕರಿಂದ ಶುರುವಾದ ಈ ಸಂಘ 1957ರಿಂದ ಭಾರತದಲ್ಲೂ ಇದೆ. ಅದು ಪಾಲಿಸುವ 12 ಸಂಪ್ರದಾಯಗಳಲ್ಲಿ ಹನ್ನೊಂದನೆಯದು, ತಾವಾಗಿ ಪ್ರಚಾರಕ್ಕೆ ಇಳಿಯಬಾರದು, ಪತ್ರಿಕೆ, ರೇಡಿಯೊ, ಸಿನಿಮಾದಲ್ಲಿ ಸದಸ್ಯರ ಗುರುತು ಹೊರಬೀಳಬಾರದು ಎನ್ನುತ್ತದೆ. ಮುಚ್ಚಿಡುವುದು ಮನುಷ್ಯನ ಹೆಸರನ್ನು, ಸಭೆಯ ವಿಳಾಸವನ್ನಲ್ಲ. ಸಂಘದವರೇ ವಿಳಾಸ ಕೊಡುತ್ತಾರೆ, ಕೇಳುವವರು ಬೇಕಷ್ಟೆ.

‘ಮುಕ್ತ ಸಭೆ’ಯೋ ‘ಮುಚ್ಚಿದ ಸಭೆ’ಯೋ ಎಂಬುದನ್ನೂ ಹಾಕಿ. ಮುಚ್ಚಿದ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮುಕ್ತ ಸಭೆಯಲ್ಲಿ ಮನೆಯವರೂ ಕೂರಬಹುದು, ನಾನೂ ಕೂತಿದ್ದೇನೆ. ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯಿದ್ದರೆ ಸದಸ್ಯನೇ. ಖರ್ಚಿಗೆ ತಮ್ಮತಮ್ಮಲ್ಲೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಅಲ್ಲಿ ಯಾರು ಏನು ಹೇಳಿದರೆಂದು ಬರೆಯಲಾರೆ. ಆದರೆ ನಾವು ವರ್ಷಗಟ್ಟಲೆ ಅತ್ತು ಕರೆದು ಹೇಳಿದ್ದನ್ನೇ, ಕುಡಿದು ಬೀದಿಗೆ ಬಿದ್ದು ಎದ್ದುಬಂದವರು ತಮ್ಮ ಕಥೆಯಾಗಿ ಹೇಳಿದಾಗ ನನ್ನ ತಮ್ಮ ತಲೆಯೆತ್ತಿ ಕೇಳಿದ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ ಎಂದು ತಿಳಿದದ್ದೂ ಅಲ್ಲೇ.

ಇದು ಬರೀ ನಂಬಿಕೆಯ ಮಾತಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ, ರೋಗಿಯನ್ನು ಕ್ರಮಬದ್ಧವಾಗಿ ಎಎ ಜೊತೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಪೂರ್ತಿ ಕುಡಿತ ಬಿಟ್ಟವರು ಶೇ 42, ಬೇರೆ ಚಿಕಿತ್ಸೆಗಳಲ್ಲಿ ಶೇ 35. ಅಂತರ ಭಾರಿಯೇನಲ್ಲ. ಆದರೆ ‘ಜೋಡಿಸುವ’ ಎಂಬುದನ್ನು ನಮ್ಮ ಆಸ್ಪತ್ರೆಗಳು ಗಮನಿಸಬೇಕು. ‘ವಿಚಾರಿಸಿಕೊಳ್ಳಿ’ ಎನ್ನುವುದು ಜೋಡಿಸುವುದಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ಉದ್ಘಾಟನೆ, ಸಮಾರೋಪ ಫೋಟೊ ಸಮೇತ ಅಚ್ಚಾಗುತ್ತವೆ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳ ಸುದ್ದಿ ನಾನು ಕಂಡದ್ದು ಕಡಿಮೆ. ಎಂಟು ದಿನ ಶಿಬಿರದಲ್ಲಿ ಹೇಗೋ ಕಳೆಯುತ್ತದೆ. ಒಂಬತ್ತನೆಯ ದಿನ ಸಂಜೆ ಆರಕ್ಕೆ ಕಾಲು ಯಾವ ಕಡೆ ಎಳೆಯುತ್ತದೆ ಎಂಬುದೇ ಮುಖ್ಯ. ಆ ಸಭೆಗಳೂ ಪಟ್ಟಿಯಲ್ಲಿರಲಿ.

ಜೊತೆಗೊಂದು ಎಚ್ಚರಿಕೆಯನ್ನೂ ಅಚ್ಚು ಮಾಡಿ. ಬಹುಕಾಲ ದಿನವೂ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಇಲ್ಲದ್ದು ಕಂಡು ಬಡಬಡಿಸಬಹುದು, ಜೀವಕ್ಕೇ ಅಪಾಯ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಪಟ್ಟಿಯ ಕೆಳಗಿರಲಿ.

2025–26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡ ರಾಜ್ಯ ಸರ್ಕಾರಕ್ಕೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಂಥದೊಂದು ಬೋರ್ಡು ಹಾಕಿಸುವುದು ಕಷ್ಟವಾಗಲಾರದು. ಅದಾಗುವವರೆಗೆ ನೀವು ಮಾಡಬಹುದು. ಸಭೆಯ ಜಾಗ, ಸಮಯ ಬದಲಾಗುವುದುಂಟು, ಆದ್ದರಿಂದ ಆಗಾಗ ಸಂಘದವರನ್ನೇ ಕೇಳಿ ತಿದ್ದಿಕೊಳ್ಳಿ. ಹಳೆಯ ವಿಳಾಸ ನಂಬಿ ಬಸ್ಸು ಹತ್ತಿ ಹೋದವನು ಬೀಗ ನೋಡಿ ಹಿಂದಿರುಗಿದರೆ ಎರಡನೇ ಸಲ ಹೊರಡಿಸುವುದು ಮನೆಯವರಿಗೆ ಬಹಳ ಕಷ್ಟ.

– ಓರ್ವ ಓದುಗಿ, ತುಮಕೂರು ಜಿಲ್ಲೆ
(ತಮ್ಮನ ಸಲುವಾಗಿ ನನ್ನ ಹೆಸರು, ಊರು ಪ್ರಕಟಿಸಬೇಡಿ)