ಅವರಿಗೆ ನೀವು ಏನಾಗಬೇಕು?

ಶನಿವಾರ ರಾತ್ರಿ ಕಾರವಾರದಲ್ಲಿ ನಮ್ಮ ನಾಟಕದ ಮೂರನೇ ಪ್ರದರ್ಶನ ಮುಗಿಯಿತು. ಭಾನುವಾರ ಇಡೀ ದಿನ ನಿದ್ದೆ ಮಾಡಿದೆ. ಸೋಮವಾರ ಎದ್ದು ಫೋನ್ ನೋಡಿದರೆ ಇನ್ನೂರಕ್ಕೂ ಜಾಸ್ತಿ ಮೆಸೇಜು. ಒಬ್ಬೊಬ್ಬರಿಗೇ ಉತ್ತರ ಬರೆಯುತ್ತ ಕೂತರೆ ಮುಂದಿನ ಮಳೆಗಾಲ ಬಂದುಬಿಡುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಜುಲೈಯಲ್ಲಿ ನನಗೆ ಏನಾಗಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದೆ ಅನ್ನುವುದು ನಿಮಗೆಲ್ಲ ಗೊತ್ತು. ಕೆಲವರಿಗೆ ನನಗಿಂತ ಜಾಸ್ತಿ ಗೊತ್ತು. ಆ ಕತೆ ಮತ್ತೆ ಬೇಡ.

ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಇನ್ನೂ ವಿಷಯ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದಾರೆ. ಹೆಸರಿನ ಅಗತ್ಯವೂ ಇಲ್ಲ ಬಿಡಿ. 1998ರಲ್ಲಿ, ಕೊಂಕಣ ರೈಲು ಹೊಸದಾಗಿ ಓಡತೊಡಗಿದ ವರ್ಷ, ಕಾರವಾರದ ಕಾಲೇಜಿಗೆ ಸೇರಿದವರು ನಾವು ಐದು ಜನ. ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುತ್ತಿದ್ದೆವು, ಈಗಲೂ ಹಾಗೇ. ಕುಮಟಾ, ಹೊನ್ನಾವರ, ಕಾರವಾರ, ಶಿರಸಿ, ಮತ್ತೆ ನಾನು ಅಂಕೋಲಾ. ನಾಲ್ಕು ಊರಿಗೆ ರೈಲು ಬಂತು, ಶಿರಸಿಗೆ ಬರಲಿಲ್ಲ. ಅದೊಂದನ್ನೇ ಹಿಡಿದು ಅವನನ್ನು ಮೂರು ವರ್ಷ ಗೋಳು ಹೊಯ್ದುಕೊಂಡಿದ್ದೇವೆ. ಪಾಪ, ಅವನು ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಬರುತ್ತಿದ್ದ. ಬಂದವನಿಗೆ ಮೊದಲು ಒಂದು ಚೊಂಬು ನೀರು ಬೇಕಾಗುತ್ತಿತ್ತು, ಮುಖ ತೊಳೆಯಲು.

ಐವರೂ ಗೇ ಅನ್ನುವುದು ಐವರಿಗೂ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಆಗ ಅದು ಜೈಲಿಗೆ ಹಾಕಬಹುದಾದ ಅಪರಾಧ, 1860ರ ಕಾಯಿದೆ. ಟಾಗೋರ್ ಬೀಚಿನಲ್ಲಿ ಕತ್ತಲಾದ ಮೇಲೆ ಕೂತು ಮಾತಾಡುವಾಗಲೂ ದನಿ ತಗ್ಗಿಸುತ್ತಿದ್ದೆವು. ಕೇಳಿಸಿಕೊಳ್ಳಲು ಅಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಆ ಕಾಯಿದೆಯ 377ನೇ ಕಲಮಿನ ಹಲ್ಲು ಕಿತ್ತಾಗ ನಾವು ಐದು ಊರಲ್ಲಿದ್ದೆವು. ಕುಮಟಾ ವಾಟ್ಸಾಪ್ ಗ್ರೂಪಿನಲ್ಲಿ ಲಾಡಿನ ಚಿತ್ರ ಹಾಕಿದ. ಕಾರವಾರ ಅತ್ತ. ಶಿರಸಿ ಆ ಗ್ರೂಪಿನಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಅಂದರೆ, ನಾನು ಇದ್ದೆ.

ನಾಟಕ ನೋಡದವರಿಗೆ ಎರಡು ಮಾತು. ಐದು ಜನ ಹಳೇ ಗೆಳೆಯರು, ಎಲ್ಲ ಗೇ, ಎಲ್ಲರಿಗೂ ತಲೆಗೂದಲು ಕಡಿಮೆ. ಅವರಲ್ಲಿ ಒಬ್ಬ ಉಳಿದ ನಾಲ್ವರಿಗೆ 'ನನ್ನ ಮದುವೆ, ಬನ್ನಿ' ಅಂತ ಹೇಳಿ ಕಡಲ ತಡಿಯ ಒಂದು ಬಾಡಿಗೆ ಮನೆಗೆ ಕರೆಸುತ್ತಾನೆ. ಯಾರ ಜೊತೆ ಮದುವೆ ಅಂತ ಹೇಳುವುದಿಲ್ಲ. ಆ ಮನೆಯ ಒಡತಿ ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: 'ಅವರಿಗೆ ನೀವು ಏನಾಗಬೇಕು?' ಒಬ್ಬ ಸೋದರಮಾವನ ಮಗ ಅನ್ನುತ್ತಾನೆ. ಇನ್ನೊಬ್ಬ ಎಲ್‌ಐಸಿ ಏಜೆಂಟು. ಮತ್ತೊಬ್ಬ ಮುಹೂರ್ತ ನೋಡಲು ಬಂದ ಜೋಯಿಸ. ಒಂದು ಸುಳ್ಳನ್ನು ಮುಚ್ಚಲು ಹೋಗಿ ಇನ್ನೊಂದು, ಅದಕ್ಕೊಂದು. ಕೊನೆಗೆ ಒಡತಿ ಲೆಕ್ಕ ಹಾಕಿ ನೋಡಿದರೆ ಆ ಸುಳ್ಳುಗಳ ಪ್ರಕಾರ ಐವರೂ ಒಬ್ಬರಿಗೊಬ್ಬರು ನೆಂಟರೇ ಆಗಿಬಿಟ್ಟಿರುತ್ತಾರೆ. ಮದುವೆ ಮಾತ್ರ ಸುಳ್ಳು. 'ಸುಮ್ನೆ ಬನ್ನಿ ಅಂದ್ರೆ ಯಾರು ಬರ್ತಾರೆ? ಮದುವೆ ಅಂದ್ರೆ ಬರ್ತೀರಿ, ಇಲ್ಲಾ ಸತ್ತೆ ಅಂದ್ರೆ ಬರ್ತೀರಿ' ಅನ್ನುತ್ತಾನೆ ಕರೆದವನು.

ಈ ಉಪಾಯ ನಾಟಕಕ್ಕಾಗಿ ನಾನು ಹೆಣೆದದ್ದು. ಕುಮಟಾ ಅದನ್ನು ನನ್ನ ಮೇಲೇ ಪ್ರಯೋಗಿಸಿದ. ಜೋಯಿಸನ ಪಾತ್ರಕ್ಕೆ ಶಿರಸಿಯನ್ನು ಕೇಳಿ ನೋಡಿದೆ, ಒಪ್ಪಲಿಲ್ಲ ಅಂತ ನನಗೆ ಹೇಳಿದ. ಅಂಕೋಲಾ ಬರೆದು ಕೊಟ್ಟಿದ್ದಾನೆ ಅಷ್ಟೇ, ತಾಲೀಮಿಗೆ ಬರುವುದಿಲ್ಲ ಅಂತ ಅವನಿಗೆ ಹೇಳಿದ. ಮೊದಲ ದಿನ ಇಬ್ಬರೂ ಒಂದೇ ಬಾಗಿಲಲ್ಲಿ ಎದುರಾದೆವು. ಹನ್ನೊಂದು ವರ್ಷದ ಮೇಲೆ. ನಾವಿಬ್ಬರೂ ಏಳು ವರ್ಷ ಜೊತೆಗಿದ್ದವರು, ಆಮೇಲೆ ಮಾತು ಬಿಟ್ಟವರು. ತಪ್ಪು ಯಾರದು ಅನ್ನುವುದು ಈ ಬರಹದ ವಿಷಯ ಅಲ್ಲ. (ಜಾಸ್ತಿ ನನ್ನದೇ.)

ಈಗ ಥ್ಯಾಂಕ್ಸ್. ಲೈಟು, ಮೈಕು, ಟೆಂಪೊ ನೋಡಿಕೊಂಡ ಹುಡುಗರಿಗೆ, ಬಂಗಡೆ ಹುರಿದು ಬಡಿಸಿದ ಕಾರವಾರದ ಅಮ್ಮನಿಗೆ, ರಜೆ ಕೊಟ್ಟ ನನ್ನ ಹೆಡ್‌ಮಾಸ್ಟರಿಗೆ, ರಕ್ತ ಕೊಟ್ಟ ಆರು ಜನರಿಗೆ, ದುಡ್ಡು ಕಳಿಸಿ ಯಾರಿಗೂ ಹೇಳಬೇಡ ಅಂದವರಿಗೆ, ಎಲ್ಲರಿಗೂ. ಮೂರನೇ ದಿನ ಬಂದು ಅರ್ಧ ಬಿಲ್ಲು ಕಟ್ಟಿ, ಮುಖ ನೋಡದೆ 'ಹುಷಾರು' ಅಂದು ಹೋದ ನನ್ನ ಅಣ್ಣನಿಗೂ. ನಿಜಕ್ಕೂ ಹೇಳುತ್ತಿದ್ದೇನೆ, ಕೊಂಕಲ್ಲ.

ಕುಮಟಾನಿಗೆ ಒಂದು ಸಾಲು ಜಾಸ್ತಿ. ಅವನು ಬ್ಯಾಂಕಿನವನು. ಗೇ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿ ಇಲ್ಲ ಅಂತ 2024ರ ಆಗಸ್ಟ್ 28ಕ್ಕೆ ಕೇಂದ್ರದ ಹಣಕಾಸು ಇಲಾಖೆ ಹೊರಡಿಸಿದ ಪ್ರಕಟಣೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಜೋಡಿ ಇನ್ನೂ ಸಿಕ್ಕಿಲ್ಲ. ನಾಟಕದ ಜಂಟಿ ಖಾತೆಯ ದೃಶ್ಯ ಹುಟ್ಟಿದ್ದು ಆ ಪರ್ಸಿನಿಂದ.

ಒಡತಿಯ ಪಾತ್ರ ಮಾಡಿದ ಹೊನ್ನಾವರನಿಗೂ ಒಂದು ಮಾತು. 1934ರಿಂದ ಕೆರೆಮನೆ ಯಕ್ಷಗಾನ ಮೇಳ ಇರುವ ಗುಣವಂತೆಯ ತಾಲ್ಲೂಕಿನವನು ಅವನು. ಗಂಡಸು ಸೀರೆ ಉಟ್ಟು ರಂಗಕ್ಕೆ ಬಂದರೆ ನಮ್ಮ ಕಡೆಯ ಜನ ಹೆಜ್ಜೆ ಹೇಗಿದೆ ನೋಡುತ್ತಾರೆ, ಸೆರಗು ಹೇಗಿದೆ ನೋಡುತ್ತಾರೆ, ಬೇರೆ ಏನೂ ಕೇಳುವುದಿಲ್ಲ. ಚೌಕಿಯಲ್ಲಿ ಬಣ್ಣ ಒರೆಸಿದ ಮೇಲೆ ಶುರುವಾಗುತ್ತದೆ ಪ್ರಶ್ನೆ.

ಇನ್ನು ಶಿರಸಿ.

ಗ್ರ್ಯಾಂಡ್ ರಿಹರ್ಸಲ್ ದಿನ ಅಂಕೋಲೆಯಲ್ಲಿ ಜೋರು ಮಳೆ. ಎಲ್ಲರೂ ವೇಷದಲ್ಲಿದ್ದರು. ನಾನು ಬಿದ್ದೆ. ಇಲ್ಲಿ ಆಗುವುದಿಲ್ಲ, ಹುಬ್ಬಳ್ಳಿಗೆ ಒಯ್ಯಿರಿ ಅಂದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆಯಿಂದ ಕೂಗುತ್ತಲೇ ಇದ್ದೇವೆ. ಅಲ್ಲಿಯವರೆಗೆ ನಮಗೆ ಇರುವುದು ಗೋವಾ, ಮಣಿಪಾಲ, ಹುಬ್ಬಳ್ಳಿಯ ದಾರಿ. ಆಂಬ್ಯುಲೆನ್ಸಿನಲ್ಲಿ ಒಬ್ಬರಿಗೆ ಮಾತ್ರ ಜಾಗ ಅಂತ ಡ್ರೈವರ್ ಹೇಳುವಷ್ಟರಲ್ಲಿ, ನಾಲ್ಕು ವಾರದಿಂದ ನನ್ನ ಹತ್ತಿರ ಬರೀ ಡೈಲಾಗು ಮಾತ್ರ ಆಡಿದ್ದವನು ಹತ್ತಿ ಕೂತಿದ್ದ. ಹಣೆಯ ಮೇಲೆ ಕಾಸಗಲ ಕುಂಕುಮ, ಹೆಗಲ ಮೇಲೆ ಶಾಲು, ಕೈಯಲ್ಲಿ ಪಂಚಾಂಗ.

ಮಾತಾಡಿಸುತ್ತಾ ಇರಿ ಅಂದಿದ್ದರು ಅವನಿಗೆ. ಮಾತು ಬಿಟ್ಟವನು ಏನಂತ ಮಾತಾಡಿಸಬೇಕು? ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು ನಾಟಕದ ಮೊದಲ ಮಾತು ಹೇಳಿದ. ಉತ್ತರ ನನ್ನದು. ನಾನು ಹೇಳಿದೆ. ಅವನು ಮುಂದಿನದು. ನಾನು ಕಣ್ಣು ಮುಚ್ಚಿದಾಗೆಲ್ಲ 'ಅಂಕೋಲಾ, ನಿನ್ನ ಮಾತು, ನಿನ್ನ ಮಾತು' ಅಂತ ಕೆನ್ನೆ ತಟ್ಟಿದ. ಉಳಿದ ಮೂವರ ಮಾತನ್ನೂ ಅವನೇ ಆಡಿದ, ಅವರವರ ದನಿಯಲ್ಲಿ. ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ಎಲ್‌ಐಸಿ ಏಜೆಂಟಿನ ಮಾತಿಗೆ ಡ್ರೈವರ್ ನಕ್ಕ. ಲೆಕ್ಕಕ್ಕೆ ಮೂರು ಪ್ರದರ್ಶನ ಅಂತ ಹೇಳುತ್ತೇವೆ, ನಿಜವಾಗಿ ನಾಲ್ಕು. ಮೊದಲನೆಯದು ಆ ಘಟ್ಟದಲ್ಲಿ ಆಯಿತು, ಯಲ್ಲಾಪುರ ಬರುವಷ್ಟರಲ್ಲಿ ಒಂದನೇ ಅಂಕ ಮುಗಿದಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಸಿಸ್ಟರ್ ಫಾರಂ ಹಿಡಿದು ನಿಂತಿದ್ದರು. ನಾನು ಸ್ಟ್ರೆಚರ್ ಮೇಲೆ. ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು.

'ಪೇಷಂಟಿಗೆ ನೀವು ಏನಾಗಬೇಕು?'

ನನ್ನ ನಾಟಕದ್ದೇ ಪ್ರಶ್ನೆ. ನಗು ಬಂತು, ನಗಲು ಆಗಲಿಲ್ಲ. ಶಿರಸಿ ತಡವರಿಸಲಿಲ್ಲ.

'ಆಗಬೇಕಾಗಿದ್ದು ಏನೂ ಆಗ್ಲಿಲ್ಲ ಸಿಸ್ಟರ್. ಸಹಿ ಎಲ್ಲಿ ಹಾಕಬೇಕು ಹೇಳಿ.'

ಸಂಬಂಧ ಬರೆಯಲೇಬೇಕು ಅಂದರು ಅವರು. ಇವನು 'ಭಾವ' ಅಂತ ಬರೆದ. ಹೆಂಡತಿಯ ಅಣ್ಣನಾ ಅಂತ ಕೇಳಿದರು. ಹಾಗೇ ಇಟ್ಕೊಳ್ಳಿ ಅಂದ. ಸುಳ್ಳು ಅಂತೀರಾ? ಶಿರಸಿ ಸೀಮೆಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತವನೂ ಭಾವನೇ.

2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಆಗುವುದಿಲ್ಲ ಅಂದರು. ಸರಿ, ನಾವಿಬ್ಬರು ಹೇಗೂ ಬೇರೆಯಾದವರು, ಮದುವೆಯ ಮಾತೇ ಇಲ್ಲ. ಆದರೆ ಬೇರೆಯಾದ ಮೇಲೂ ಉಳಿದಿರುವುದಕ್ಕೆ ಯಾವ ಫಾರಮಿನಲ್ಲಿ ಜಾಗ ಇದೆ? ಮಾನಸಿಕ ಆರೋಗ್ಯದ 2017ರ ಕಾಯಿದೆಯಲ್ಲಿ ನಾನು ಯಾರನ್ನು ಬೇಕಾದರೂ ನನ್ನ ಪ್ರತಿನಿಧಿ ಅಂತ ಬರೆದುಕೊಡಬಹುದು, ರಕ್ತ ಸಂಬಂಧ ಬೇಕಿಲ್ಲ. ಇದನ್ನು ಹೇಳಿದಾಗ ಕುಮಟಾ ಅಂದ, 'ಮನಸ್ಸು ಕೆಟ್ಟರೆ ಗೆಳೆಯ ಸಾಕು, ಮೈ ಕೆಟ್ಟರೆ ನೆಂಟ ಬೇಕು ಅನ್ನು.' ಅದೂ ನಾಟಕಕ್ಕೆ ಸೇರಿತು.

ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಇದೊಂದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹನ್ನೊಂದು ವರ್ಷ, ಜ್ವರ ಬಂದಾಗೆಲ್ಲ, ಬೈಕು ಜಾರಿದಾಗೆಲ್ಲ ನನಗೆ ಒಂದೇ ಹೆದರಿಕೆ. ನಾನು ಸತ್ತರೆ ಶಿರಸಿಗೆ ಯಾರು ಹೇಳುತ್ತಾರೆ? ಮನೆಯವರಿಗೆ ಅವನು ಇರುವುದೇ ಗೊತ್ತಿಲ್ಲ. ಹನ್ನೆರಡನೇ ದಿನದ ಊಟ ಮುಗಿದ ಮೇಲೆ ಯಾವುದೋ ಅಂಗಡಿಯಲ್ಲಿ ಅವನಿಗೆ ಗೊತ್ತಾಗುತ್ತದೆ, ಚಿಲ್ಲರೆ ತಗೊಂಡು ಮನೆಗೆ ಹೋಗಬೇಕಾಗುತ್ತದೆ, ಅಳಲು ಒಂದು ಕಾರಣ ಹೇಳಬೇಕಾಗುತ್ತದೆ. ಇದೇ ಯೋಚನೆ. ಅವತ್ತು ಮೊದಲ ಸಲ ಆ ಹೆದರಿಕೆ ಇರಲಿಲ್ಲ. ಏನಾದರೂ ಆದರೆ ಮೊದಲು ಅವನಿಗೇ ಹೇಳುತ್ತಾರೆ. ಬಾಗಿಲ ಹೊರಗೇ ಇದ್ದಾನೆ.

ಹೊರಗೆ ಏನಾಯಿತು ಅನ್ನುವುದನ್ನು ಆಮೇಲೆ ಆ ಸಿಸ್ಟರ್ ಹೇಳಿದರು. ಒದ್ದೆ ಶಾಲಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದ ಜೋಯಿಸರ ಹತ್ತಿರ ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಬಂದು ಕೈ ಚಾಚಿದರಂತೆ, ಯಜಮಾನರು ಉಳಿಯುತ್ತಾರಾ ನೋಡಿ ಅಂತ. ಅವನು ನಾನು ನಾಟಕದವನು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು 'ಬೆಳಕು ಹರಿಯಲಿ, ಇಬ್ಬರೂ ನೋಡುವಾ' ಅಂದನಂತೆ. ಆಮೇಲೆ ಇನ್ನೂ ನಾಲ್ಕೈದು ಜನ ಬಂದರು. ಬೆಳಗಿನ ತನಕ ಆ ವರಾಂಡದಲ್ಲಿ ಹುಸಿ ಜೋಯಿಸ ಎಲ್ಲರ ಕೈ ಹಿಡಿದು ಕೂತಿದ್ದ. ಯಾರಿಗೂ ಏನೂ ಭವಿಷ್ಯ ಹೇಳಲಿಲ್ಲ. ಅಜ್ಜಿಯ ಯಜಮಾನರು ಉಳಿದರು.

ಮರುದಿನ ಅವನ ಅತ್ತಿಗೆ ಶಿರಸಿಯಿಂದ ಮೊದಲ ಬಸ್ಸು ಹತ್ತಿ ಒಂದು ಸ್ಟೀಲ್ ಫ್ಲಾಸ್ಕಿನ ತುಂಬ ಕಷಾಯ ತಂದರು. ನನಗೆ ಕೊಡಲು ಬಿಡಲಿಲ್ಲ. ಅವನೇ ಕುಡಿದ.

ಡಿಸೆಂಬರಿನಲ್ಲಿ, ಮೊದಲು ಒಪ್ಪಿದ್ದ ಒಂದು ಸಭಾಂಗಣದವರು ಕತೆ ಗೊತ್ತಾದ ಮೇಲೆ ಫೋನ್ ಎತ್ತುವುದು ಬಿಟ್ಟಾಗ, ಅಂಗಳ ಕೊಟ್ಟವರೂ ಅದೇ ಅತ್ತಿಗೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಅಂಗಳ ಬಿಟ್ಟುಕೊಡುವುದು ಅಂದರೆ ಏನು ಅಂತ ಶಿರಸಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 'ಅಡ್ಡಿಲ್ಲೆ, ಬನ್ನಿ' ಅಂದರು, ಅಷ್ಟೇ. ಸುಲಿಯುವುದು ಮಾತ್ರ ನಿಲ್ಲುವಂತಿರಲಿಲ್ಲ. ಹಾಗಾಗಿ ಎದುರು ಸಾಲಿನಲ್ಲಿ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಲೇ ನಾಟಕ ನೋಡಿದರು. ಕತ್ತಿಯ ಸದ್ದು ನಿಂತಿತು ಅಂದರೆ ದೃಶ್ಯ ಹಿಡಿದಿದೆ ಅಂತ ನಮಗೆ ಲೆಕ್ಕ. ಜೋಯಿಸನಾಗಿ ಶಿರಸಿ 'ಆಗಬೇಕಾಗಿದ್ದು ಏನೂ ಆಗ್ಲಿಲ್ಲ' ಅಂದಾಗ ಒಂದು ಕತ್ತಿಯೂ ಆಡಲಿಲ್ಲ. ಆಮೇಲೆ ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ ಒಬ್ಬ ಅಜ್ಜಿ ನನ್ನನ್ನು ಕರೆದು, ಮದುವೆ ಇಲ್ಲದೆ ಇಷ್ಟು ಜನ ಸೇರಿದರಲ್ಲ, ಊಟ ಯಾರು ಹಾಕಿದರು ಅಂತ ಕೇಳಿದರು. ನಾಟಕದಲ್ಲಿ ಆ ಉತ್ತರ ಇಲ್ಲ. ಮುಂದಿನ ಪ್ರದರ್ಶನಕ್ಕೆ ಸೇರಿಸುತ್ತೇವೆ.

ಶಿರಸಿ ಮತ್ತು ನಾನು ಮತ್ತೆ ಒಂದಾಗಿದ್ದೇವಾ ಅಂತ ಮೂರು ಜನ ಮೆಸೇಜು ಮಾಡಿದ್ದೀರಿ. ಇಲ್ಲ. ಅವನು ತನ್ನ ತೋಟದ ಮನೆಯಲ್ಲಿದ್ದಾನೆ, ನಾನು ನನ್ನ ಅಂಕೋಲೆಯಲ್ಲಿ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಮಾತ್ರೆ ತಗೊಂಡ್ಯಾ ಅಂತ ಕೇಳುತ್ತಾನೆ. ತಗೊಂಡೆ ಅನ್ನುತ್ತೇನೆ. ಇಟ್ಟುಬಿಡುತ್ತಾನೆ.

ಈ ಬರಹ ಅವನಿಗೆ ಇಷ್ಟ ಆಗುವುದಿಲ್ಲ, ಗೊತ್ತು. ಶನಿವಾರ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಥ್ಯಾಂಕ್ಸ್ ಹೇಳಲು ಹೋದೆ. ಅದೆಲ್ಲ ಬೇಡ, ಅತ್ತಿಗೆ ಫ್ಲಾಸ್ಕು ಕೇಳ್ತಿದ್ದಾಳೆ ಅಂದ. ಹೌದು, ಅದು ಜುಲೈಯಿಂದ ನನ್ನ ಹತ್ತಿರವೇ ಇದೆ. ತೊಳೆದು ಇಟ್ಟಿದ್ದೇನೆ. ಈ ಭಾನುವಾರ ಶಿರಸಿ ಬಸ್ಸು ಹತ್ತುತ್ತೇನೆ, ಭಾವ. ಘಟ್ಟ ಹತ್ತಿ ಬರುವವನು, ಒಂದು ಚೊಂಬು ನೀರು ಇಟ್ಟಿರು.