ಎದುರು ಮನೆಯ ಅಜ್ಜಿಗೆ

2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ. ಅದಾಗಿ ಮೂರನೇ ದಿನ ನನಗೂ ನಮ್ಮ ಯಜಮಾನರಿಗೂ ಕೋವಿಡ್ ಪಾಸಿಟಿವ್ ಬಂತು. ಮಕ್ಕಳಿಬ್ಬರಿಗೂ ನೆಗೆಟಿವ್. ಅಮ್ಮ ಇರುವುದು ಶಿರಸಿಯಲ್ಲಿ, ಬರಲು ಬಸ್ಸಿಲ್ಲ. ಶ್ರೀನಗರದ ಈ ಬೀದಿಯಲ್ಲಿ ನಮ್ಮವರು ಅಂತ ಯಾರಿದ್ದರು?

ನೀವು ಗೇಟಿನ ಆಚೆ ನಿಂತು, "ಬಟ್ಟೆ ಚೀಲ ಹೊರಗಿಡಮ್ಮ, ಮಕ್ಕಳನ್ನ ಕಳಿಸು" ಅಂದಿರಿ. ಅಷ್ಟೇ.

ಅಂಗಡಿ ತೆರೆಯುತ್ತಿದ್ದುದು ಬೆಳಿಗ್ಗೆ 6ರಿಂದ 10. ಆ ಹೊತ್ತಲ್ಲೇ ಸಾಲಲ್ಲಿ ನಿಂತು ನಂದಿನಿ ಹಾಲು ತಂದಿರಿ, ನಮ್ಮ ಬಾಗಿಲಿಗೂ ಎರಡು ಪ್ಯಾಕೆಟ್ ಇಟ್ಟಿರಿ. ಸಂಜೆ ಮಕ್ಕಳನ್ನು ಟೆರೇಸಿಗೆ ಕರೆತರುತ್ತಿದ್ದಿರಿ, ನಾವು ಕಿಟಕಿಯಿಂದ ನೋಡಲಿ ಅಂತ. ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ. ನನಗಿಂತ ಚೆನ್ನಾಗಿ ಹಾಕಿದ್ದಿರಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು! ಮುದ್ದೆ ಕಂಡರೆ ಓಡುತ್ತಿದ್ದ ಮಗ ಉಪ್ಸಾರಿನ ಜೊತೆ ನುಂಗಲು ಕಲಿತ.

ಹದಿನೇಳು ದಿನ. ದುಡ್ಡು ಕೊಡಲು ಬಂದರೆ ಬೈದು ಕಳಿಸಿದಿರಿ. ಹೆಸರು ಬರೆಯಬೇಡ ಅಂದಿದ್ದೀರಿ, ಬರೆದಿಲ್ಲ. ಥ್ಯಾಂಕ್ಸ್ ಅಜ್ಜಿ, ಇಷ್ಟು ತಡವಾಗಿ.

ಮಗ ಈಗಲೂ ಚೌಕಾಬಾರದಲ್ಲಿ ಕವಡೆ ಮೆಲ್ಲಗೆ ತಿರುಗಿಸಿ ಮೋಸ ಮಾಡುತ್ತಾನೆ. ಅದೂ ನೀವೇ ಕಲಿಸಿದ್ದು, ಅಲ್ವಾ?